ಹಾಲಿನ ಲೋಟದ ತಳದಲ್ಲಿ ಉಳಿದದ್ದು

ಮಿಲ್ಲು ನಿಂತ ಮೇಲೆಯೇ ಅದು ಅಷ್ಟು ಹೊತ್ತೂ ಎಷ್ಟು ಸದ್ದು ಮಾಡುತ್ತಿತ್ತು ಎಂದು ಗೊತ್ತಾಗುವುದು. ಆ ದಿನ ಮಧ್ಯಾಹ್ನ ಕರೆಂಟು ಹೋಯಿತು. ಬೆಲ್ಟು ತನ್ನಷ್ಟಕ್ಕೆ ಎರಡು ಸುತ್ತು ತಿರುಗಿ ನಿಂತಿತು. ನಾನು ಒಳಗಿನಿಂದ ಬಂದು ನೋಡಿದರೆ ನನ್ನ ತಮ್ಮ ಮಿಷನ್ನಿನ ಬಾಯಿಯ ಮೇಲೆ ರಾಗಿ ಡಬ್ಬ ಬಗ್ಗಿಸಿ ಹಿಡಿದುಕೊಂಡು ನಿಂತಿದ್ದ. ಡಬ್ಬದಲ್ಲಿ ಒಂದು ಕಾಳೂ ಇರಲಿಲ್ಲ. ಕಣ್ಣು ತೆರೆದೇ ಇತ್ತು. ರೆಪ್ಪೆಯ ಮೇಲೆ ಹಿಟ್ಟು ಕೂತಿತ್ತು. ಒಂದು ಸಲ ರೆಪ್ಪೆ ಬಡಿದಿದ್ದರೂ ಅದು ಉದುರಬೇಕಿತ್ತು.

"ಲೇ, ಕರೆಂಟ್ ಓಗೈತೆ ಕಣ್ಲಾ, ಇಳ್ಸು," ಎಂದೆ.

ಅವನು ಇಳಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಬಾವಿಯೊಳಗಿನಿಂದ ಮಾತಾಡಿದ ಹಾಗೆ, "ಇನ್ನೂ ಬೀಳ್ತಾ ಐತೆ ಕಣಕ್ಕ," ಎಂದ.

ಎದುರು ಮನೆಯ ಅಜ್ಜಿ ರಾಗಿ ಬೀಸಿಸಲು ಬಂದು ಮೆಟ್ಟಿಲ ಮೇಲೆ ಕೂತಿತ್ತು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿತು: "ಇವ್ನಿಗೆ ಏನೋ ಸೋಕೈತೆ ಕಣ್ಮಗಾ. ಮೊನ್ನೆ ನನ್ನ ನಿಲ್ಸಿ, ಅಜ್ಜಿ, ತಾತ ಚೆನ್ನಾಗವ್ರಾ ಅಂತ ಕೇಳ್ದ. ತಾತನ ಚಟ್ಟಕ್ಕೆ ಎಗಲು ಕೊಟ್ಟೋನೇ ಇವ್ನು." ಆಮೇಲೆ ಬೊಚ್ಚುಬಾಯಲ್ಲಿ ನಕ್ಕಿತು. "ನಾನೂ ಚೆನ್ನಾಗವ್ರೆ ಕಣ್ಲಾ ಅಂದ್ಬುಟ್ಟೆ. ಇನ್ನೇನ್ ಯೋಳನ."

ನಾನು ನಗಲಿಲ್ಲ. ಅವನಿಗೆ ಏನು ಸೋಕಿದೆ ಎಂದು ಗೊತ್ತಿದ್ದವಳು ಊರಿನಲ್ಲಿ ನಾನೊಬ್ಬಳೇ. ಹಿಂದಿನ ಸಂಜೆ ಅವನ ಹಾಲಿಗೆ ಒಂದು ಮಾತ್ರೆ, ಆ ಬೆಳಿಗ್ಗೆ ಕಾಫಿಗೆ ಅರ್ಧ ಮಾತ್ರೆ ನಾನೇ ಪುಡಿ ಮಾಡಿ ಕಲಸಿದ್ದೆ. ಅವನಿಗೆ ಅದು ತಿಳಿಯದು. ಮಾತ್ರೆ ಬಿಟ್ಟು ಐದು ತಿಂಗಳಾಯಿತು ಎಂದು ನಂಬಿಕೊಂಡಿದ್ದ.

ನಮ್ಮದು ಹೊಳೆನರಸೀಪುರದಲ್ಲಿ ಅಪ್ಪ ಹಾಕಿದ ಹಿಟ್ಟಿನ ಮಿಲ್ಲು. ಮುಂದೆ ಮಿಷನ್ನು, ಹಿಂದೆ ಎರಡು ಕೋಣೆಯ ಮನೆ. ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು. ಅರಕಲಗೂಡಿನ ಕಡೆ ಮದುವೆಯಾಗಿದ್ದೆ. ಗಂಡ ತೀರಿಕೊಂಡ ಮೇಲೆ ಮತ್ತೆ ಇಲ್ಲಿಗೇ ಬಂದೆ. ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಕೈಯಲ್ಲಿ ಕೆಲಸವಿದ್ದವನು. ಬೀಳುತ್ತಿರುವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ, ಕಣ್ಣಲ್ಲಿ ನೋಡದೆಯೇ, ಕಲ್ಲು ಬಿಗಿ ಮಾಡಬೇಕೋ ಸಡಿಲ ಬಿಡಬೇಕೋ ಹೇಳುತ್ತಿದ್ದ. ಆದರೆ ಕುಡಿಯುತ್ತಿದ್ದ. ಮೊದಮೊದಲು ಸಂಜೆ, ಆಮೇಲೆ ಮಧ್ಯಾಹ್ನ, ಕೊನೆಕೊನೆಗೆ ಬೆಳಿಗ್ಗೆ ಕೈ ನಡುಗುವುದು ನಿಲ್ಲಬೇಕಾದರೂ ಕುಡಿಯಬೇಕಾಯಿತು. ಒಂದು ಸಲ ಅವನು ತಳ್ಳಿದ ಏಟಿಗೆ ಗೋಡೆಗೆ ಬಿದ್ದು ನನ್ನ ಎಡಗೈ ಮಣಿಕಟ್ಟು ಮುರಿಯಿತು. ಅದು ಈಗಲೂ ಸೊಟ್ಟಗಿದೆ. ಅದಾದ ವಾರದಲ್ಲಿ ಅವನ ಹೆಂಡತಿ ಮಗಳನ್ನು ಕರೆದುಕೊಂಡು ನುಗ್ಗೇಹಳ್ಳಿಯ ತವರಿಗೆ ಹೊರಟಳು. ಹೋಗುವಾಗ ನನಗೆ ಹೇಳಿದ್ದು ಇಷ್ಟು: "ಅತ್ಗೆ, ಅವ್ರು ಏನೂ ತಗೊಳ್ದೆ ಒಂದ್ ವರ್ಷ ಇರ್ಲಿ. ಆಗ ಬತ್ತೀನಿ. ಏನೂ ಅಂದ್ರೆ ಏನೂ."

ಮಿಲ್ಲಿಗೆ ಡಬ್ಬ ತಂದು ಕಾಯುವ ಹೆಂಗಸರ ಮಾತಿನಲ್ಲಿ ಕುಡಿತ ಬಿಡಿಸುವ ಪುಡಿಯ ಸುದ್ದಿ ಯಾವಾಗಲೂ ಇರುತ್ತದೆ. ಇಂಥ ಊರಿನಲ್ಲಿ ಕೊಡುತ್ತಾರಂತೆ, ಮೂರು ಅಮಾವಾಸ್ಯೆ ಹಾಕಬೇಕಂತೆ, ಗಂಡಸಿಗೆ ತಿಳಿದರೆ ಹಿಡಿಯುವುದಿಲ್ಲವಂತೆ. ಸಾರಿಗೆ ಹಾಕಿದರೆ ಬಣ್ಣ ಗೊತ್ತಾಗದು, ಮುದ್ದೆಗೆ ಹಾಕಿದರೆ ರುಚಿ ಗೊತ್ತಾಗದು. ನಮ್ಮಮ್ಮ ಅಪ್ಪನಿಗೆ ಹಾಕಿದ್ದಳು. ನಾನು ತಮ್ಮನಿಗೆ ಎರಡು ಸಲ ಹಾಕಿದ್ದೆ. ವಾಂತಿಯಾಯಿತೇ ಹೊರತು ಕುಡಿತ ನಿಲ್ಲಲಿಲ್ಲ. ಒಬ್ಬರ ತಟ್ಟೆಗೆ ಕದ್ದು ಔಷಧಿ ಹಾಕುವುದು ತಪ್ಪೆಂದು ನನಗೆ ಅನ್ನಿಸಿರಲೇ ಇಲ್ಲ. ಅದು ಅಡುಗೆಮನೆಯ ಕೆಲಸಗಳಲ್ಲಿ ಒಂದಾಗಿತ್ತು, ಉಪ್ಪು ನೋಡಿ ಹಾಕಿದ ಹಾಗೆ.

ಕೊನೆಗೆ ಅವನೇ ಒಂದು ದಿನ, "ಅಕ್ಕ, ನನ್ನ ಎಲ್ಲಾದ್ರೂ ಸೇರ್ಸು," ಎಂದ. ಹಾಸನದ ಒಂದು ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡರು. ಕುಡಿತ ಬಿಟ್ಟ ಮೊದಲ ದಿನಗಳ ನಡುಕ ನಾನು ಕಂಡಿದ್ದೇನೆ. ಮಂಚದ ಕಬ್ಬಿಣವೇ ಸದ್ದು ಮಾಡುತ್ತಿತ್ತು. ಆ ನಡುಕಕ್ಕೆ, ಅದರ ಜೊತೆಗಿನ ಭಯಕ್ಕೆ ಒಂದು ಸಣ್ಣ ಬಿಳಿ ಮಾತ್ರೆ ಕೊಟ್ಟರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನನ್ನು ಮುಂದೆ ಕೂರಿಸಿಕೊಂಡು ಬಿಡಿಸಿ ಹೇಳಿದರು:

"ನೋಡಿಮ್ಮಾ, ಈ ಮಾತ್ರೆಗೂ ಚಟ ಹತ್ತುತ್ತೆ. ಅದಕ್ಕೇ ಅವರ ಕೈಗೆ ಕೊಡಬೇಡಿ, ನೀವಿಟ್ಟುಕೊಂಡು ದಿನದ್ದು ದಿನ ಕೊಡಿ. ಚೀಟೀಲಿ ಬರೆದ ಹಾಗೆ ವಾರ ವಾರ ಇಳಿಸಬೇಕು. ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರುತ್ತೆ. ಇದರ ಮೇಲೆ ಕುಡಿದರೆ ಉಸಿರೇ ನಿಂತು ಹೋಗಬಹುದು. ಇದು ನಡೀತಿರೋವರೆಗೂ ಮಿಷನ್ ಮುಟ್ಟೋ ಹಾಗಿಲ್ಲ, ಗಾಡಿ ಓಡಿಸೋ ಹಾಗಿಲ್ಲ. ಮುಗಿದ ಮೇಲೂ ಸ್ವಲ್ಪ ದಿನ ನಿದ್ದೆ ಬರಲ್ಲ, ಕಸಿವಿಸಿ ಇರುತ್ತೆ. ತಡೆಯೋಕಾಗದಿದ್ದರೆ ಇಲ್ಲಿಗೆ ಕರ್ಕೊಂಡು ಬನ್ನಿ. ನೀವಾಗಿ ನೀವೇ ಅಂಗಡೀಲಿ ತಗೊಂಡು ಕೊಡಬೇಡಿ."

ಒಂದೊಂದಕ್ಕೂ ಹೂಂ ಎಂದೆ. ಎಲ್ಲವೂ ಅರ್ಥವಾಗಿತ್ತು. ಓದಿಲ್ಲದವಳು, ತಿಳಿಯಲಿಲ್ಲ ಎಂದು ತಪ್ಪಿಸಿಕೊಳ್ಳಲು ನನಗೆ ಜಾಗವಿಲ್ಲ. ಆದರೂ ಇರಲಿ ಎಂದು ಒಂದು ಶೀಟು ಮಾತ್ರೆ ಹೆಚ್ಚಿಗೆ ಕೊಂಡೆ.

ತಮ್ಮ ನಿಯತ್ತಾಗಿ ನಡೆದುಕೊಂಡ. ಮಾತ್ರೆ ಒಂದರಿಂದ ಅರ್ಧಕ್ಕೆ, ಅರ್ಧದಿಂದ ಕಾಲಿಗೆ ಇಳಿಯಿತು. ಅಷ್ಟು ದಿನವೂ ಮಿಷನ್ನಿನ ಹತ್ತಿರ ಹೋಗಲಿಲ್ಲ, ನಾನೇ ಬೀಸಿದೆ. ಕೊನೆಯ ಚೂರು ನುಂಗಿದ ದಿನ, "ಮುಗೀತು ಕಣಕ್ಕ, ಇನ್ನು ನಾನು ಬರೀ ನಾನು," ಎಂದ. ಮಾರನೆಯ ದಿನದಿಂದ ಒದ್ದಾಟ ಶುರುವಾಯಿತು. ಸಂಜೆಯಾದರೆ ಮಿಲ್ಲಿನ ಬಾಗಿಲಿಂದ ಹಿತ್ತಿಲ ಗೋಡೆಯವರೆಗೆ ನಡೆಯುವನು, ತಿರುಗುವನು, ಮತ್ತೆ ನಡೆಯುವನು. ತಟ್ಟೆ ಇಟ್ಟ ಸದ್ದಿಗೆ ಬೆಚ್ಚುವನು. ಅವನ ಕೈಯನ್ನೇ ನೋಡುತ್ತಿದ್ದರೆ ನನ್ನ ಸೊಟ್ಟ ಮಣಿಕಟ್ಟು ನೋಯಲು ತೊಡಗಿತು. ಇವತ್ತು ಇವನು ಕುಡಿಯಲು ಹೋಗುತ್ತಾನೆ, ಇವತ್ತು ಹೋಗುತ್ತಾನೆ ಎಂದು ಐದು ಸಂಜೆ ಕಾದೆ. ಹಾಸನಕ್ಕೆ ಕರೆದುಕೊಂಡು ಹೋಗಬೇಕಿತ್ತು. ಆರನೆಯ ಸಂಜೆ ಮಾತ್ರೆಯೊಂದನ್ನು ಚಮಚದ ಬೆನ್ನಿನಿಂದ ಅರೆದು, ಸಕ್ಕರೆ ಜಾಸ್ತಿ ಹಾಕಿ, ಹಾಲು ಕೊಟ್ಟೆ.

ಬೆಳಿಗ್ಗೆ ಅವನು ಎದ್ದು ಬಂದ ಮುಖ ನನಗೆ ಮರೆಯುವುದಿಲ್ಲ. "ಅಕ್ಕ, ನಿದ್ದೆ ಬಂತು! ಮಾತ್ರೆ ಇಲ್ದೆ ಬಂತು ಕಣಕ್ಕ!" ಎಂದು ಕೂಗಿಕೊಂಡು ಬೀದಿಗೇ ಹೋದ. ಎದುರು ಮನೆಯ ಅಜ್ಜಿಗೂ ಹೇಳಿದ: "ಅಜ್ಜಿ, ಗೆದ್ಬುಟ್ಟೆ."

"ನಿದ್ದೆ ಮಾಡಕ್ಕೂ ಗೆಲ್ಬೇಕೇನ್ಲಾ? ನಮ್ಮ ಎಮ್ಮೆ ದಿನಾ ಗೆಲ್ತೈತೆ," ಎಂದಿತು ಅಜ್ಜಿ.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವನ ಗೆಲುವನ್ನು ಹೇಗೆ ಕಿತ್ತುಕೊಳ್ಳಲಿ ಎಂದು ಸುಮ್ಮನಾದೆ. ಆ ಸಂಜೆಯೂ ಅರೆದೆ. ಮಾತ್ರೆಯಿಲ್ಲದೆ ನಿದ್ದೆ ಬರುತ್ತಿದೆ ಎಂದುಕೊಂಡವನು ವಾರ ಕಳೆದ ಮೇಲೆ ಮಿಷನ್ನಿಗೂ ಕೈ ಹಾಕಿದ. ನಾನು ಬೇಡ ಎನ್ನಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದ.

ಹೆಚ್ಚಿಗೆ ಕೊಂಡ ಶೀಟು ಮುಗಿದಾಗ ಹಳೆಯ ಚೀಟಿ ಹಿಡಿದು ಬಸ್ಸು ಹತ್ತಿದೆ. ನಮ್ಮೂರಿನಲ್ಲಿ ಕೊಂಡರೆ ಗುರುತಾಗುತ್ತದೆ. ಒಂದು ಸಲ ಅರಕಲಗೂಡು, ಒಂದು ಸಲ ಚನ್ನರಾಯಪಟ್ಟಣ, ಒಂದು ಸಲ ಹಾಸನ. ಅಂಗಡಿಯವನ ಮುಂದೆ ಚೀಟಿ ಬಿಡಿಸುವಾಗ ತಾರೀಖಿನ ಮೇಲೆ ಹೆಬ್ಬೆರಳು ಇಡುತ್ತಿದ್ದೆ. ಹೊತ್ತಿಗೊಂದು ಸುಳ್ಳು ರೆಡಿ ಇತ್ತು. ಹಾಸನದಿಂದ ಬರುವಾಗ ಮೊಸಳೆ ಎಂಬ ಊರಿನಲ್ಲಿ ಬಸ್ಸು ಹತ್ತಿದ ನೆಂಟರೊಬ್ಬರು, "ಏನಮ್ಮ, ಈ ಕಡೆ?" ಎಂದರೆ, ಹಲ್ಲು ನೋವು ಎಂದೆ. ಆಮೇಲೆ ಊರು ಬರುವವರೆಗೂ ಸೆರಗನ್ನು ಕೆನ್ನೆಗೆ ಒತ್ತಿಕೊಂಡೇ ಕೂತಿದ್ದೆ. ನಿಜವಾಗಿಯೂ ಹಲ್ಲು ನೋಯಲು ಶುರುವಾಯಿತು.

ದಿನ ಕಳೆದಂತೆ ಒಂದು ಮಾತ್ರೆ ಸಾಲದಾಯಿತು. ಬೆಳಗಿನ ಕಾಫಿಗೂ ಅರ್ಧ ಸೇರಿಸಿದೆ. ಆಗಿನಿಂದ ಮನೆಯಲ್ಲಿ ಇಬ್ಬರಿದ್ದೆವೋ ಮೂವರಿದ್ದೆವೋ ನನಗೆ ಹೇಳಲಾಗುವುದಿಲ್ಲ. ತಮ್ಮನಂತೆಯೇ ಇರುವ ಇನ್ನೊಬ್ಬ ಓಡಾಡುತ್ತಿದ್ದ. ಕರೆದರೆ ಒಂದು ಮಾತು ತಡವಾಗಿ ತಿರುಗುತ್ತಿದ್ದ. ನಾನು ಪಾತ್ರೆ ತೊಳೆಯುತ್ತಿರುವಾಗ ಬೆನ್ನ ಹಿಂದೆ ಯಾವಾಗ ಬಂದು ನಿಂತ ಎಂದು ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಾಗೆ ನಿಂತವನು ನನ್ನ ಮುಖವನ್ನೇ ನೋಡುತ್ತಾ, "ಅವ್ವ, ಅಕ್ಕ ಎಲ್ಲಿ?" ಎಂದ.

"ನಾನೇ ಕಣ್ಲಾ ಅಕ್ಕ," ಎಂದೆ.

ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲ ಬುಡು," ಎಂದು ಹೊರಟುಹೋದ.

ಇನ್ನೊಂದು ದಿನ ಅವನ ಹೆಗಲ ಮೇಲಿನ ಟವಲನ್ನು ಬೆಲ್ಟು ಎಳೆದುಕೊಂಡಿತು. ಟವಲು ಚಕ್ರಕ್ಕೆ ಸುತ್ತಿ, ಹರಿದು, ಚೂರುಚೂರಾಗಿ ಹಾರಿತು. ಅವನು ಯಾರದೋ ಟವಲು ಎಂಬಂತೆ ನೋಡುತ್ತಾ ನಿಂತಿದ್ದ. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ. ಆ ದಿನ ಅರ್ಧ ಮಾತ್ರೆ ಕಡಿಮೆ ಮಾಡಿದೆ. ಸಂಜೆ ಅವನು ಮತ್ತೆ ನಡೆಯಲು ಶುರುಮಾಡಿದ. ಮರುದಿನ ಮತ್ತೆ ಹಾಕಿದೆ.

ಹೇಳದೆ ಕೇಳದೆ ಒಂದು ಭಾನುವಾರ ಅವನ ಹೆಂಡತಿ ಮಗಳೊಂದಿಗೆ ಬಂದಳು. ಅವನು ಕುಡಿಯುತ್ತಿಲ್ಲ ಎಂಬ ಸುದ್ದಿ ನುಗ್ಗೇಹಳ್ಳಿಗೆ ಮುಟ್ಟಿತ್ತು. ವರ್ಷ ತುಂಬುವ ಮೊದಲೇ ನೋಡಿ ಹೋಗೋಣ ಎಂದು ಬಂದವಳು. ಅವನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಎದುರು ಕೂತ. ಮಗಳು ಶಾಲೆಯ ಏನನ್ನೋ ಹೇಳುತ್ತಿದ್ದಳು. ಹೂಂ ಹೂಂ ಎನ್ನುತ್ತಾ ಅವನ ತಲೆ ಎದೆಗೆ ಬಿತ್ತು. ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು. ಮಗಳು ಮಾತು ನಿಲ್ಲಿಸಿ ಅಮ್ಮನ ಹಿಂದೆ ಸರಿದಳು.

"ಇವ್ರು ಏನೋ ತಗೊಂಡವ್ರೆ ಅತ್ಗೆ," ಎಂದಳು ಅವಳು, ಅವನ ಬಾಯಿ ಮೂಸಿ ನೋಡಿ. "ವಾಸ್ನೆ ಇಲ್ಲ. ಬೇರೆ ಏನೋ."

ಅವನಿಗೆ ಎಚ್ಚರವಾಯಿತು. "ಇಲ್ಲ ಕಣೆ. ಏನೂ ಇಲ್ಲ. ನಮ್ಮಕ್ಕನ ಆಣೆಗೂ ಏನೂ ತಗೊಂಡಿಲ್ಲ. ಅಕ್ಕ, ಯೋಳಕ್ಕ."

ನಾನು ಹೇಳಿದೆ. "ಏನೂ ತಗೊಂಡಿಲ್ಲ ಕಣವ್ವ, ಸುಸ್ತಾಗವ್ನೆ ಅಷ್ಟೆ," ಎಂದೆ.

ಅವಳು ನನ್ನನ್ನು ಒಂದು ಸಲ, ಅವನನ್ನು ಒಂದು ಸಲ ನೋಡಿ, ಮಗಳ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಳು. ಊಟಕ್ಕೂ ನಿಲ್ಲಲಿಲ್ಲ.

ತನಗೆ ಹುಚ್ಚು ಹಿಡಿಯುತ್ತಿದೆ ಎಂದು ಅವನಿಗೆ ಅನ್ನಿಸಲು ಶುರುವಾದದ್ದು ಆಗ. ಗೋಡೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ದಿನಾ ಏನಾದರೂ ಬರೆದಿಡುತ್ತಿದ್ದ. ಬೆಳಿಗ್ಗೆ ಎದ್ದು ಅದನ್ನೇ ಓದಿಕೊಂಡು, "ಇದು ನನ್ನ ಅಕ್ಷರನೇ ಅಲ್ವಾ ಅಕ್ಕ?" ಎಂದು ಕೇಳುತ್ತಿದ್ದ. ಒಂದು ದಿನ ಅವನು ಹೊರಗಿದ್ದಾಗ ನಾನು ಹಾಳೆ ತಿರುಗಿಸಿ ನೋಡಿದೆ. "ಗೋಧಿ ಆರು ಡಬ್ಬ ಬೀಸಿದೆ." "ಅಜ್ಜಿ ಮನೆಗೆ ಹೋಗಿದ್ದೆ, ಯಾಕೆ ಗೊತ್ತಿಲ್ಲ." ಕೆಳಗೆ, ಬೇರೆ ಶಾಯಿಯಲ್ಲಿ, "ಹಾಲು ಕುಡಿದ ಮೇಲೆ ನಾನು ಇರುವುದಿಲ್ಲ" ಎಂದಿತ್ತು.

ಆ ಹಾಳೆಯನ್ನು ಕಿತ್ತು ಒಲೆಗೆ ಹಾಕಿದೆ. ಅವನು ಬಂದು ಹುಡುಕಿದಾಗ, "ನೀನೇನೂ ಬರ್ದೇ ಇರ್ಲಿಲ್ವಲ್ಲ," ಎಂದೆ. ಅವನು ಗೋಡೆಯ ಮೊಳೆಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದ. ಮಾತ್ರೆ ಕೊಟ್ಟದ್ದಕ್ಕೆ ಭಯ ಎಂಬ ನೆಪವಾದರೂ ಇತ್ತು. ಇದಕ್ಕೆ ಯಾವ ನೆಪವೂ ಇಲ್ಲ.

ಆಮೇಲೆ ಮಾತ್ರೆ ಸಿಗುವುದು ನಿಂತಿತು. ಚನ್ನರಾಯಪಟ್ಟಣದ ಅಂಗಡಿಯವನು ನನ್ನ ಹೆಬ್ಬೆರಳನ್ನು ಮೆಲ್ಲಗೆ ಸರಿಸಿ ತಾರೀಖು ಓದಿದ. "ಇದು ಯಾವ ಕಾಲದ್ದಮ್ಮ? ಹೊಸ ಚೀಟಿ ತತ್ತಾ. ಈ ಮಾತ್ರೆ ಅಂಗೆಲ್ಲ ಕೊಡಂಗಿಲ್ಲ," ಎಂದ. ಅರಕಲಗೂಡಿನಲ್ಲೂ ಅದೇ ಮಾತು. ಹಾಸನದ ಎರಡು ಅಂಗಡಿಯಲ್ಲೂ ಅದೇ. ಕೊಡದಿದ್ದವರು ಸರಿಯಾಗಿಯೇ ಮಾಡಿದರು. ಕೊಟ್ಟವರನ್ನೂ ನಾನು ದೂರಲಾರೆ, ಹೆಬ್ಬೆರಳು ನನ್ನದು. ಡಬ್ಬಿಯಲ್ಲಿ ಉಳಿದಿದ್ದು ಮೂರು. ಅವೂ ಮುಗಿದವು. ಒಂದೇ ಸಲ ನಿಲ್ಲಿಸಬಾರದು ಎಂಬ ಡಾಕ್ಟರಮ್ಮನ ಮಾತು ಕಿವಿಯಲ್ಲೇ ಇತ್ತು. ಆದರೂ ಏನಾಗುತ್ತದೋ ನೋಡೋಣ ಎಂದು ಸುಮ್ಮನಿದ್ದೆ.

ಮೊದಲ ದಿನ ಬೆವರಿದ. ಎರಡನೆಯ ದಿನ ಹಿಟ್ಟಿನಲ್ಲಿ ಇರುವೆ ಹರಿಯುತ್ತಿವೆ ಎಂದು ನಾಲ್ಕು ಡಬ್ಬ ಹಿಟ್ಟನ್ನು ಅಂಗಳಕ್ಕೆ ಸುರಿದ. ನಾನು ಕೈಯಾಡಿಸಿ ತೋರಿಸಿದೆ, ಒಂದೂ ಇರಲಿಲ್ಲ. ಮೂರನೆಯ ದಿನ ಹತ್ತು ಗಂಟೆಯ ಬಿಸಿಲಲ್ಲಿ, ಕರೆಂಟು ಇಲ್ಲದೆ ಮಿಲ್ಲು ಕಲ್ಲಿನ ಹಾಗೆ ಬಿದ್ದಿರುವಾಗ, ಎರಡೂ ಕಿವಿ ಮುಚ್ಚಿಕೊಂಡು, "ಆರ್ಸಕ್ಕ, ಮಿಷನ್ ಆರ್ಸು," ಎಂದು ಬೇಡಿಕೊಂಡ. "ನಿಂತೈತೆ ಕಣ್ಲಾ, ನೋಡು," ಎಂದು ಅವನ ಕೈಯನ್ನು ಎಳೆದು ಬೆಲ್ಟಿನ ಮೇಲೆ ಇಟ್ಟೆ. ಅವನು ಚೀರಿ ಕೈ ಕಿತ್ತುಕೊಂಡ. ಬೆಲ್ಟು ಅಲುಗದೆ ಇತ್ತು. ಅವನ ಕಣ್ಣಿಗೆ ಅದು ತಿರುಗುತ್ತಿತ್ತು. ಮರುಕ್ಷಣ ಅವನ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತು, ಮರದ ಹಲಗೆ ಬಿದ್ದ ಹಾಗೆ ನೆಲಕ್ಕೆ ಬಿದ್ದ. ಕೈಕಾಲು ಬಡಿಯತೊಡಗಿದವು. ಹಿಟ್ಟಿನ ನೆಲದ ಮೇಲೆ ಅವನ ಹಿಮ್ಮಡಿ ಎಳೆದ ಗೆರೆಗಳು ಎಷ್ಟೋ ದಿನ ನನ್ನ ಕಣ್ಣಲ್ಲಿ ಹಾಗೇ ಇದ್ದವು.

ಆಟೋದವರು, ಆಮೇಲೆ ಆಂಬ್ಯುಲೆನ್ಸು, ಹಾಸನ. ಅದೇ ಡಾಕ್ಟರಮ್ಮ. ಇಂಜೆಕ್ಷನ್ನಿನಿಂದ ಫಿಟ್ಸ್ ನಿಂತಿತು. ಎರಡನೆಯ ದಿನ ಅವನು ಮಾತಾಡುವಂತಾದಾಗ ಅವರು ಮಂಚದ ಪಕ್ಕ ಕೂತು ಕೇಳಿದರು: "ಇದು ಕುಡಿತದ್ದಲ್ಲ. ಇದು ಮಾತ್ರೆ ತಿಂಗಳುಗಟ್ಟಲೆ ತಗೊಂಡು ಥಟ್ ಅಂತ ನಿಲ್ಲಿಸಿದರೆ ಬರೋದು. ಬೈಯಲ್ಲ, ನಿಜ ಹೇಳಿ. ಎಲ್ಲಿಂದ ತರ್ತಿದ್ರಿ?"

"ತಗೊಂಡಿಲ್ಲ ಮೇಡಂ. ದೇವ್ರಾಣೆ. ನಮ್ಮಕ್ಕನ್ನ ಕೇಳಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಅವರು ಬರೆದುಕೊಂಡರು. ಅವನು ಸುಳ್ಳುಗಾರ ಎಂದೇ ಬರೆದುಕೊಂಡಿರಬೇಕು ಎಂದು ನನಗೆ ಅನ್ನಿಸಿತು. ಅವರ ಮುಖದಲ್ಲಿ ಕೋಪವಿರಲಿಲ್ಲ, ಇಂಥವರನ್ನು ಎಷ್ಟೋ ನೋಡಿದ ಆಯಾಸವಿತ್ತು. ಈಗ ಮತ್ತೆ ಅದೇ ಮಾತ್ರೆ ಶುರುಮಾಡಿ, ತಿಂಗಳುಗಳ ಮೇಲೆ, ಚೂರುಚೂರೇ ಇಳಿಸಬೇಕು ಎಂದರು. ತಮ್ಮ ಒಪ್ಪಲಿಲ್ಲ. "ಬಿಟ್ಟೋನಿಗೆ ಯಾಕ್ ಮೇಡಂ ಮತ್ತೆ ಅಂಟಿಸ್ತೀರಾ? ನನ್ ಹೆಂಡ್ತಿಗೆ ಏನೂ ತಗೊಳಲ್ಲ ಅಂತ ಮಾತು ಕೊಟ್ಟಿವ್ನಿ," ಎಂದ. ಅವರು ಎಷ್ಟು ಹೇಳಿದರೂ ಕೇಳದೆ, ಮೂರನೆಯ ದಿನ ಕಾಗದಕ್ಕೆ ಸಹಿ ಹಾಕಿ ಹೊರಟ. ಮಾತ್ರೆಯನ್ನೂ ಚೀಟಿಯನ್ನೂ ಡಾಕ್ಟರಮ್ಮ ನನ್ನ ಕೈಗೆ ಕೊಟ್ಟರು. "ಹೇಗಾದರೂ ಒಪ್ಪಿಸಿ. ಇಲ್ಲದಿದ್ದರೆ ಮುಂದಿನ ಫಿಟ್ಸ್‌ನಲ್ಲಿ ಉಳಿಯದೆ ಹೋಗಬಹುದು," ಎಂದರು.

ಬಸ್ಸಿನಲ್ಲಿ ಅವನ ಪಕ್ಕ ಕೂತಿದ್ದೆ. ಒಂದು ಮಾತು ಹೇಳಿದ್ದರೆ ಅವನು ಮಾತ್ರೆ ನುಂಗುತ್ತಿದ್ದ. ನಾನು ಹೇಳಲಿಲ್ಲ. ಹೇಳದೆಯೇ ಉಳಿಸುವ ದಾರಿ ನನಗೆ ಗೊತ್ತಿತ್ತು.

ಮನೆಗೆ ಬಂದು ಹಾಲು ಕಾಯಿಸಿದೆ. ಅವಸರಕ್ಕೆ ಸರಿಯಾಗಿ ಅರೆಯಲಿಲ್ಲವೋ, ಹಾಲು ಸಾಕಷ್ಟು ಬಿಸಿಯಿರಲಿಲ್ಲವೋ. ಅವನು ಮಿಲ್ಲಿನ ಹಲಗೆಯ ಮೇಲೆ ಕೂತು ಕುಡಿದು, ಲೋಟ ಕೆಳಗಿಡುವವನು ಇಡಲಿಲ್ಲ. ಒಳಗೆ ಬೆರಳು ಹಾಕಿ ತಳವನ್ನು ಸವರಿದ. ಹೆಬ್ಬೆರಳಿಗೆ ತಂದು, ಕಣ್ಣು ಮುಚ್ಚಿ, ತಿಕ್ಕಿದ. ಇಪ್ಪತ್ತು ವರ್ಷ ಹಿಟ್ಟು ನೋಡಿದ ಬೆರಳು.

"ಸಕ್ರೆ ಅಲ್ಲ," ಎಂದ. ಮತ್ತೆ ತಿಕ್ಕಿದ. "ಇಟ್ಟೂ ಅಲ್ಲ."

ನಾಲಿಗೆಗೆ ಮುಟ್ಟಿಸಿದ. ಆ ಕಹಿ ಅವನಿಗೆ ಗೊತ್ತು. ಹಿಂದೆ ಒಂದರಿಂದ ಅರ್ಧ, ಅರ್ಧದಿಂದ ಕಾಲು ಮಾಡಿ ಮುರಿದು ನುಂಗಿದ್ದವನು. ಕಣ್ಣು ಬಿಟ್ಟು ನನ್ನನ್ನು ನೋಡಿದ. ಎಷ್ಟೋ ತಿಂಗಳ ಮೇಲೆ ಅವನು, ಅವನೇ, ನನ್ನನ್ನು ನೋಡಿದ್ದು.

"ಎಷ್ಟ್ ದಿನದಿಂದ ಅಕ್ಕ?"

ಹೇಳಿದೆ. ಮೊದಲ ಸಂಜೆಯಿಂದ ಶುರುಮಾಡಿ ಬಸ್ಸು, ಅಂಗಡಿ, ಕಾಫಿ, ಎಲ್ಲಾ ಹೇಳಿದೆ. ಕ್ಯಾಲೆಂಡರ್ ಹಾಳೆಯದ್ದೂ ಹೇಳಿದೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. "ಅಂಗಾದ್ರೆ ನಂಗೆ ಹುಚ್ಚಿಲ್ಲ," ಎಂದ. ಎರಡು ಸಲ ಅದನ್ನೇ ಹೇಳಿದ. ಎದ್ದು ಲೋಟವನ್ನು ತೊಳೆಯದೆ ಹಾಗೆಯೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಮಾರನೆಯ ದಿನ ಮೊದಲ ಬಸ್ಸಿಗೆ ನನ್ನನ್ನೂ ಕರೆದುಕೊಂಡು ಹಾಸನಕ್ಕೆ ಹೋದ. ಡಾಕ್ಟರಮ್ಮನ ಮೇಜಿನ ಮೇಲೆ ಲೋಟ ಇಟ್ಟು, "ನಾನು ಸುಳ್ಳು ಯೋಳಿರ್ಲಿಲ್ಲ ಮೇಡಂ. ತಿದ್ಕೊಳಿ," ಎಂದ. ಅವರು ಫೈಲು ತರಿಸಿ, ಅವನ ಕಣ್ಣ ಮುಂದೆಯೇ ತಿದ್ದಿದರು. ನನಗೆ ಬೈಯಬಹುದು ಎಂದುಕೊಂಡಿದ್ದೆ. "ನೀವು ಆಗಲೇ ಕರ್ಕೊಂಡು ಬಂದಿದ್ರೆ ಆ ಕಸಿವಿಸಿಗೆ ಬೇರೆ ದಾರಿ ಇತ್ತಮ್ಮ," ಎಂದರು ಅಷ್ಟೆ.

ಈ ಸಲ ಮಾತ್ರೆ ಯಾರು ಇಟ್ಟುಕೊಳ್ಳಬೇಕು ಎಂಬ ಮಾತು ಬಂದಾಗ ಅವನು ನನ್ನತ್ತ ನೋಡಲೇ ಇಲ್ಲ. ವಾರಕ್ಕಾಗುವಷ್ಟು ಮಾತ್ರ ಆಸ್ಪತ್ರೆಯಲ್ಲೇ ಕೊಡುವುದು, ಅದನ್ನು ಎದುರು ಮನೆಯ ಅಜ್ಜಿ ಇಟ್ಟುಕೊಳ್ಳುವುದು, ದಿನಾ ಸಂಜೆ ಅವನೇ ಹೋಗಿ, ಕಣ್ಣಾರೆ ನೋಡಿ, ನುಂಗಿ ಬರುವುದು ಎಂದಾಯಿತು. ಮಿಷನ್ನು ಮತ್ತೆ ನನ್ನ ಪಾಲಿಗೆ ಬಂತು.

ಅಜ್ಜಿ ಮಾತ್ರೆಯನ್ನು ಎಲೆಅಡಿಕೆ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿತು. ಒಂದು ದಿನ ತಮ್ಮ ತಡಮಾಡಿದರೂ ಬೀದಿಗೆಲ್ಲ ಕೇಳುವ ಹಾಗೆ, "ಬಾರ್ಲಾ, ನಿನ್ ಕಾಲ್ ಮಾತ್ರೆ ಕಾಯ್ಕೊಂಡು ನಾನ್ ಸಾಯದೇ ಕುಂತಿವ್ನಿ," ಎಂದು ಕೂಗುತ್ತಿತ್ತು.

ನನಗೆ ಉಳಿದಿದ್ದ ಕೆಲಸ ನುಗ್ಗೇಹಳ್ಳಿಯದು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಹೋದೆ. ಅವನ ಹೆಂಡತಿ ಹಿತ್ತಿಲಲ್ಲಿ ತೆಂಗಿನಗರಿ ಸೀಳುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವನು ನನ್ನ ಮೇಲೆ ಇಟ್ಟ ಆಣೆ ನಿಜವಾಗಿತ್ತು, ಸುಳ್ಳು ಹೇಳಿದವಳು ನಾನು ಎಂದೆ. ಅವಳು ಕೈಯಲ್ಲಿದ್ದ ಗರಿಯನ್ನು ಕೊನೆಯವರೆಗೂ ಸೀಳಿ ಆಮೇಲೆ ಮಾತಾಡಿದಳು. "ಬ್ಯಾರೆಯೋರು ಯೋಳಿದ್ರೆ ನಂಬ್ತಿರ್ಲಿಲ್ಲ ಅತ್ಗೆ. ನನ್ ಮಗಳು ಅಪ್ಪ ಅಂದ್ರೆ ಎದ್ರುಕೊಳ್ತಾಳೆ ಈಗ. ಅದ್ನ ಯಾರು ಬಿಡುಸ್ತಾರೆ?" ಎಂದಳು. ಒಂದು ಲೋಟ ನೀರು ಕೂಡ ಕೇಳದೆ ವಾಪಸು ಬಂದೆ. ಆದರೆ ಎರಡು ವಾರದ ಮೇಲೆ ಅವಳೇ ಫೋನು ಮಾಡಿ, ಅವನು ಬಂದು ಮಗಳನ್ನು ನೋಡಬಹುದು ಎಂದಳು. ಈಗ ತಿಂಗಳಿಗೆ ಎರಡು ಸಲ ಹೋಗುತ್ತಾನೆ.

ಮಾತ್ರೆ ಇಳಿಯಲು ಎಂಟು ತಿಂಗಳು ಹಿಡಿಯಿತು. ನಡುವೆ ಎರಡು ಸಲ ತಡೆಯಲಾಗದೆ ಹಾಸನಕ್ಕೆ ಹೋಗಿ, ಅವರು ಹೇಳಿದಂತೆ ಅದೇ ಅಳತೆಯಲ್ಲಿ ಕೆಲವು ವಾರ ನಿಂತು, ಮತ್ತೆ ಇಳಿಸಿದ. ಕೊನೆಯ ಚೂರು ನುಂಗಿ ಬಂದ ಸಂಜೆ ನನ್ನ ಎದುರು ಕೂತು ಕೇಳಿದ:

"ಅಕ್ಕ, ಯಾಕ್ ಅಂಗ್ ಮಾಡ್ದೆ?"

"ನೀನು ಕುಡ್ಯಕ್ಕೆ ಓಗ್ಬುಡ್ತೀಯೇನೋ ಅಂತ ಭಯ ಕಣ್ಲಾ."

"ಅಷ್ಟೇನಾ?"

ಹೂಂ ಎಂದೆ. ಅವನು ಎದ್ದು ಹೋಗಲಿಲ್ಲ. ಕಾದ. ಎಲ್ಲರಿಗೂ ಭಯ ಎಂದೇ ಹೇಳಿದ್ದೆ. ಡಾಕ್ಟರಮ್ಮನೂ ಅದನ್ನೇ ಬರೆದುಕೊಂಡಿದ್ದರು. ಮೊದಲ ವಾರ ಅದು ನಿಜವೂ ಆಗಿತ್ತು. ಉಳಿದದ್ದನ್ನು ಅವನಿಗೆ ಆ ದಿನ ಹೇಳಿದೆ. ನೀನು ಹಾಗಿದ್ದದ್ದು ನನಗೆ ಇಷ್ಟವಾಗಿತ್ತು, ಕೂಗು ಇರಲಿಲ್ಲ, ಕೈ ಎತ್ತುವುದಿರಲಿಲ್ಲ, ಹೇಳಿದ ಕಡೆ ನೀನು ಕೂರುತ್ತಿದ್ದೆ, ನೀನು ಪೂರ್ತಿ ಇಲ್ಲದಿದ್ದಾಗ ಈ ಮನೆಯಲ್ಲಿ ನನಗೆ ನೆಮ್ಮದಿ ಇತ್ತು ಎಂದೆ.

ಅವನು ಗೋಡೆಗೆ ಅಂಟಿದ ಹಿಟ್ಟನ್ನು ಬೆರಳಲ್ಲಿ ಕೆರೆದ.

"ನಂಗೂ ಇಷ್ಟ ಆಗಿತ್ತು," ಎಂದ. "ಸಂಜೆ ಆದ್ರೆ ಆ ಲೋಟದ ಆಲಿಗೆ ಕಾಯ್ತಾ ಇದ್ದೆ ಅಕ್ಕ. ಅದ್ರಾಗೆ ಏನೈತೆ ಅಂತ ಗೊತ್ತಿಲ್ದೇನೇ ಕಾಯ್ತಾ ಇದ್ದೆ. ಬಾಯಿಗೆ ಬರೋಕ್ ಮುಂಚೆನೇ ಮೈಗೆ ಗೊತ್ತಾಗ್ತಿತ್ತು. ನಂಗೆ ಎದ್ರಿಕೆ ಆಗದು ಅದೇಯ."

ಆಮೇಲೆ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಇನ್ಮೇಲೆ ನನ್ ಊಟ ನಾನೇ ಮಾಡ್ಕತೀನಿ. ಕ್ವಾಪಕ್ಕಲ್ಲ. ನಿಂಗೆ ನನ್ ಕಂಡ್ರೆ ಭಯ ಆದಾಗ ನಂಗೇ ಯೋಳ್ಬೇಕು, ಮುಖ ನೋಡ್ಕೊಂಡು. ನಾನು ಆಚೆ ಓಗಿ ಅಜ್ಜಿ ಜಗಲಿ ಮ್ಯಾಲೆ ಕುಂತ್ಕತೀನಿ."

ಈಗ ಮನೆಯಲ್ಲಿ ಎರಡು ಒಲೆ ಇವೆ. ಅವನು ಮುದ್ದೆ ಚೆನ್ನಾಗಿಯೇ ಕಟ್ಟುತ್ತಾನೆ, ಸಾರಿಗೆ ಹುಳಿ ಹೆಚ್ಚು ಮಾಡುತ್ತಾನೆ. ಎಷ್ಟೋ ದಿನ ಒಂದೇ ಹೊತ್ತಿಗೆ ಊಟಕ್ಕೆ ಕೂರುತ್ತೇವೆ. ಕೆಲವು ಸಂಜೆ ಅವನು ಬಾಗಿಲಿಂದ ಹಿತ್ತಿಲ ಗೋಡೆಯವರೆಗೆ ನಡೆಯಲು ಶುರುಮಾಡುತ್ತಾನೆ. ಹೆಜ್ಜೆ ಸದ್ದು ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ನನ್ನ ಕೈ ಏನನ್ನೋ ಹುಡುಕಿಕೊಂಡು, ಹಿಂದೆ ಮಾತ್ರೆ ಡಬ್ಬಿ ಇಡುತ್ತಿದ್ದ ಗೂಡಿನ ಕಡೆಗೆ ತಾನಾಗಿ ಹೋಗುತ್ತದೆ. ಆಗ ನಾನು ಎದ್ದು ಅವನ ದಾರಿಗೆ ಅಡ್ಡ ನಿಂತು, ಮುಖ ನೋಡಿಕೊಂಡು, "ಭಯ ಆಯ್ತೈತೆ ಕಣ್ಲಾ," ಎನ್ನುತ್ತೇನೆ.

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಾನೆ.